ಹಾಸಿಗೆ ಗೋದಾಮಿನ ಐರಿಷ್ ಬ್ಯಾಂಡು

ಮಸ್ಕತ್ತಿಗೆ ಬಂದ ಮೇಲೆ ಲಿಗೋರಿ ಡ್ರಮ್ ಬಾರಿಸುವುದನ್ನು ಹೆಚ್ಚುಕಡಿಮೆ ಬಿಟ್ಟೇ ಬಿಟ್ಟಿದ್ದ. ಕಿನ್ನಿಗೋಳಿಯಲ್ಲಿ ಇದ್ದಷ್ಟು ದಿನ ಮದುವೆ ಹಾಲ್‌ಗಳ ಬ್ಯಾಂಡಿನಲ್ಲಿ ಅವನ ಕೈ ಹೆಸರುವಾಸಿ. ಮದುವೆಯ ಹಿಂದಿನ ದಿನದ ರೋಸಿನ ಮನೆಯಾಗಲಿ, ಬೆಳ್ಳಿಹಬ್ಬದ ಪಾರ್ಟಿಯಾಗಲಿ, ಅವನು ಕೋಲು ಎತ್ತಿದನೆಂದರೆ ಅಜ್ಜಿಯಂದಿರೂ ಕುರ್ಚಿ ಬಿಟ್ಟು ಏಳುತ್ತಿದ್ದರು. ಇಲ್ಲಿ ಅವನು ಕಟ್ಟಡ ಕಂಪನಿಯೊಂದರ ಸ್ಟೋರ್ ಇನ್‌ಚಾರ್ಜ್. ಪೈಪು, ಬೋಲ್ಟು, ಸಿಮೆಂಟು ಚೀಲಗಳ ನಡುವೆ ದಿನ ಮುಗಿಯುತ್ತಿತ್ತು. ಅಲ್ ಖೌದ್‌ನ ಫ್ಲಾಟಿಗೆ ಬಂದು ಬೂಟು ಬಿಚ್ಚುವಾಗ ಪಾದಗಳು ತನ್ನವಲ್ಲ ಎನಿಸುತ್ತಿತ್ತು. ಹೆಂಡತಿ ಕ್ಯಾರೋಲಿನ್ ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್. ಅವಳಿಗೆ ಎರಡು ಪಾಳಿ, ನಡುವೆ ಮಧ್ಯಾಹ್ನ ಬಿಡುವು. ಮಗಳು ಶೆರ್ಲಿನ್ ಆಗಿನ್ನೂ ನಾಲ್ಕನೇ ಕ್ಲಾಸು.

2002ರಲ್ಲಿ, ಮೇರಿಯಮ್ಮನ ಹುಟ್ಟುಹಬ್ಬವಾದ ಮೊಂತಿ ಹಬ್ಬಕ್ಕೆ, ಘಾಲಾದ ಚರ್ಚಿನಲ್ಲಿ ಕೊಂಕಣಿಯವರ ಕಾರ್ಯಕ್ರಮವಿತ್ತು. ಯಾವಾಗಲೂ ಬಾರಿಸುವವನು ಊರಿಗೆ ಹೋಗಿದ್ದರಿಂದ ಲಿಗೋರಿಯನ್ನು ಒತ್ತಾಯ ಮಾಡಿ ಕೂರಿಸಿದರು. ವಯಸ್ಸಾದ ಒಬ್ಬ ಬಾಯಮ್ಮ ಹಳೆಯ ಹಾಡು ಹಾಡುತ್ತ ನಡುವೆ ದಮ್ಮು ಕಟ್ಟಿ ನಿಂತರು. ಕೀಬೋರ್ಡಿನವನು ತನ್ನ ಪಾಡಿಗೆ ಮುಂದೆ ಹೋದ. ಲಿಗೋರಿ ಮಾತ್ರ ಕೋಲನ್ನು ಗಾಳಿಯಲ್ಲೇ ಹಿಡಿದು, ಬಾಯಮ್ಮನ ಮುಖ ನೋಡುತ್ತ ಕಾದ. ಆಕೆ ಉಸಿರೆಳೆದುಕೊಂಡು ಪದ ಹಿಡಿದಾಗ ಅವನ ಕೋಲೂ ಇಳಿಯಿತು.

ಊಟದ ಹೊತ್ತಿಗೆ ಬಿಸಿಲಿಗೆ ಮೂಗು ಸುಲಿದಿದ್ದ ಎತ್ತರದ ಬಿಳಿಯನೊಬ್ಬ ತಟ್ಟೆ ಹಿಡಿದು ಪಕ್ಕಕ್ಕೆ ಬಂದ. ಹೆಸರು ಫಿಂಟನ್. ಐರ್ಲೆಂಡಿನವನು, ಯೂನಿವರ್ಸಿಟಿಯಲ್ಲಿ ಇಂಗ್ಲಿಷ್ ಕಲಿಸುತ್ತಾನೆ, ಇಂಗ್ಲಿಷ್ ಪೂಜೆಗೆ ಬಂದವನು ಸಂಗೀತ ಕೇಳಿ ಉಳಿದುಕೊಂಡಿದ್ದಾನೆ.

"ಆ ಮುದುಕಿ ನಿಂತಾಗ ನೀವೂ ನಿಂತಿರಲ್ಲ, ಯಾಕೆ?" ಎಂದ.

"ಅವರಿಗೆ ಉಸಿರು ಸಿಗಲಿಲ್ಲ. ಸಿಗುವವರೆಗೆ ಕಾದೆ, ಅಷ್ಟೆ."

"ನಮಗೆ ಹಾಗೆ ಕಾಯುವವನೊಬ್ಬ ಬೇಕು," ಎಂದ ಫಿಂಟನ್. ಪತ್ರೊಡೆಯನ್ನು ಅನುಮಾನದಿಂದ ಕಚ್ಚುತ್ತ ತನ್ನ ಬ್ಯಾಂಡಿನ ಕಥೆ ಹೇಳಿದ.

ಬ್ಯಾಂಡಿನ ಹೆಸರು ಕೋಲ್ಡ್ ಸ್ಲಿಪ್‌ವೇ. ದೋಣಿಯನ್ನು ನೀರಿಗೆ ಇಳಿಸುವ ಕಲ್ಲಿನ ಇಳಿಜಾರಿಗೆ ಅವರ ಊರಲ್ಲಿ ಸ್ಲಿಪ್‌ವೇ ಎನ್ನುತ್ತಾರಂತೆ. ಅಂಥದ್ದೊಂದರ ಪಕ್ಕದ ಶೆಡ್ಡಿನಲ್ಲಿ, ಗಾಲ್ವೇ ಊರಿನಲ್ಲಿ, ಫಿಂಟನ್ ಮತ್ತು ಅವನ ಬಾಲ್ಯದ ಗೆಳೆಯ ಡೋನಲ್ ಇಪ್ಪತ್ತು ದಾಟುವಾಗ ಶುರು ಮಾಡಿದ್ದು. ಫಿಂಟನ್‌ದು ಬೇಸ್ ಗಿಟಾರು, ಡೋನಲ್‌ನದು ಗಿಟಾರು. ಅವರ ಸಂಗೀತದಲ್ಲಿ ಹಾಡುವವರೇ ಇಲ್ಲ. ಒಂದೊಂದು ರಚನೆಯೂ ಹತ್ತು ಹನ್ನೆರಡು ನಿಮಿಷ. ಕೇಳಿಸಿತೋ ಇಲ್ಲವೋ ಎಂಬಷ್ಟು ಮೆಲ್ಲಗೆ ಶುರುವಾಗಿ, ಬೆಳೆದು ಬೆಳೆದು, ಕೊನೆಗೆ ಗೋಡೆ ಬಿದ್ದಂತೆ ಸದ್ದು. ಯಾವ ಕಂಪನಿಯ ಹಂಗೂ ಬೇಡವೆಂದು ತಾವೇ ಒಂದು ರೆಕಾರ್ಡು ಮಾಡಿ, ಹಳೇ ವ್ಯಾನಿನಲ್ಲಿ ಐರ್ಲೆಂಡೆಲ್ಲ ಸುತ್ತಿದರು. ಮೆಚ್ಚಿದವರು ತುಂಬಾ ಮೆಚ್ಚಿದರು. ಆದರೆ ಅಂಥವರು ಒಂದೊಂದು ಊರಿಗೆ ಒಂದು ಬೆಂಚು ತುಂಬುವಷ್ಟೇ ಇದ್ದರು. ಡ್ರಮ್ಮಿನವನು ಮದುವೆಯಾಗಿ ಮಾವನ ಹೋಟೆಲು ನೋಡಿಕೊಳ್ಳಲು ಹೋದ. ವ್ಯಾನು ಕೆಟ್ಟಿತು. ಡೋನಲ್ ಒಮಾನಿಗೆ ಬಂದು ಸೂರ್ ಎಂಬ ಕಡಲ ಊರಿನ ಗ್ಯಾಸ್ ಪ್ಲಾಂಟಿನಲ್ಲಿ ಟೆಕ್ನಿಷಿಯನ್ ಆದ. ಫಿಂಟನ್ ಅವನ ಹಿಂದೆಯೇ ಬಂದ.

"ಬ್ಯಾಂಡು ಸತ್ತಿಲ್ಲ, ಮಲಗಿದೆ," ಎಂದ ಫಿಂಟನ್.

ಲಿಗೋರಿ ಆಗಲೇ ಇಲ್ಲ ಎನ್ನಬೇಕಿತ್ತು ಎಂದು ಕ್ಯಾರೋಲಿನ್ ಆಮೇಲೆ ಎಷ್ಟೋ ಸಲ ಹೇಳಿದ್ದಾಳೆ. ಆದರೆ ಹದಿಮೂರು ವರ್ಷ ಸ್ಟೋರಿನಲ್ಲಿ ನಿಂತ ಮನುಷ್ಯನನ್ನು, ಯಾವ ಸಾಮಾನು ಎಷ್ಟು ಕೊಟ್ಟೆ ಎಂದು ಕೇಳದೆ, ನೀನು ಕಾದದ್ದು ಚೆನ್ನಾಗಿತ್ತು ಎಂದು ಯಾರಾದರೂ ಹೊಗಳಿದರೆ ಅವನು ಇಲ್ಲ ಎನ್ನುವುದಾದರೂ ಹೇಗೆ?

ಅಭ್ಯಾಸಕ್ಕೆ ಜಾಗ ಹುಡುಕಿದವನು ಲಿಗೋರಿಯೇ. ಅವನ ಫ್ಲಾಟಿನ ಕೆಳಗೆ ಬಾದುಶಾ ಎಂಬ ಬ್ಯಾರಿ ಸಾಹೇಬರ ಹಾಸಿಗೆ ಅಂಗಡಿ. ಉಪ್ಪಿನಂಗಡಿಯವರು, ಬಾಯಿ ತುಂಬ ಮಾತು. ಹಿಂದಿನ ಬೀದಿಯಲ್ಲಿ ಅವರದೊಂದು ಗೋದಾಮು. ನೆಲದಿಂದ ಛಾವಣಿಯವರೆಗೆ ಹಾಸಿಗೆಗಳನ್ನು ಪ್ಲಾಸ್ಟಿಕ್ ಸುತ್ತಿ ಒಟ್ಟಿದ್ದರು. ಒಳಗೆ ಬಾಂಬು ಹಾಕಿದರೂ ಹೊರಗೆ ಕೇಳದು.

"ಬಾರಿಸಿಕೊಳ್ಳಿ ಮಾರಾಯ್ರೇ, ನನಗೆ ಎಂತ ನಷ್ಟ ಉಂಟು?" ಎಂದರು ಬಾದುಶಾ. ಅಲ್ಲಿ ವಾರದ ರಜೆ ಶುರುವಾಗುವ ಗುರುವಾರವೇ ಅಭ್ಯಾಸದ ದಿನವೆಂದು ಗೊತ್ತಾಯಿತು. ಮೊದಲ ಗುರುವಾರ ಅವರು ಕುತೂಹಲಕ್ಕೆ ಬಂದು ಹಾಸಿಗೆಯ ಮೇಲೆ ಕುಳಿತು ಕೇಳಿದರು. ಬಹಳ ಹೊತ್ತು ಕೇಳಿ, ಲಿಗೋರಿಯ ಕಿವಿಯ ಹತ್ತಿರ ಬಗ್ಗಿ, "ಅಲ್ಲ ಲಿಗೋರಿಯವ್ರೇ, ಪದ ಶುರು ಆಗುವುದು ಯಾವಾಗ?" ಎಂದರು.

ಲಿಗೋರಿಗೂ ಅದೇ ಪ್ರಶ್ನೆ ಇತ್ತು. ಮದುವೆ ಮನೆಯಲ್ಲಿ ಕೈ ಸುಮ್ಮನಿದ್ದರೆ ಜನ ಕೂತುಬಿಡುತ್ತಾರೆ. ಇಲ್ಲಿ ಐದು ನಿಮಿಷ ಕೈ ಕಟ್ಟಿ ಕೂರಬೇಕು. ಆಮೇಲೆ ಡ್ರಮ್ಮಿನ ಪಕ್ಕದ ಹಿತ್ತಾಳೆ ತಟ್ಟೆಯ ಅಂಚನ್ನು ಬೆರಳಲ್ಲಿ ಸವರಬೇಕು. ಮತ್ತೆ ಕೂರಬೇಕು. ಮೊದಮೊದಲು ಅವನ ಕೈ ತಡೆಯದೆ ನಡುನಡುವೆ ಒಂದೊಂದು ಪೆಟ್ಟು ಜಾರಿಬಿಡುತ್ತಿತ್ತು. ಡೋನಲ್ ಆಗ ನಿಲ್ಲಿಸಿ ನಗುತ್ತಿದ್ದ. ಡೋನಲ್ ಕಡಿಮೆ ಮಾತಿನ ಮನುಷ್ಯ, ಕುಳ್ಳ, ಮೂವತ್ತಕ್ಕೇ ಕಬ್ಬಿಣದ ಬಣ್ಣಕ್ಕೆ ತಿರುಗಿದ ಗಡ್ಡ. ಸೂರಿನಿಂದ ಇಬ್ರಾ ದಾರಿಯಾಗಿ, ಬೋಳು ಗುಡ್ಡಗಳ ನಡುವೆ, ಅರ್ಧ ದಿನ ಗಾಡಿ ಓಡಿಸಿಕೊಂಡು ಬರುತ್ತಿದ್ದ. ಪ್ಲಾಂಟಿನ ಪಾಳಿ ಮುಗಿಸಿ ನೇರ ಹೊರಟವನು, ಗೋದಾಮಿಗೆ ಬಂದ ತಕ್ಷಣ ಒಂದು ಹಾಸಿಗೆಯ ಮೇಲೆ ಅಂಗಾತ ಬಿದ್ದು ಸ್ವಲ್ಪ ಹೊತ್ತು ಕಣ್ಣು ಮುಚ್ಚುತ್ತಿದ್ದ. ಎದ್ದ ಮೇಲೆ ಗಿಟಾರು ಹಿಡಿದರೆ ಬೇರೆಯೇ ಮನುಷ್ಯ. ಅವನ ಒಂದು ತಂತಿಯ ಸದ್ದು ಗೋದಾಮಿನೊಳಗೆ ನಿಧಾನಕ್ಕೆ ಹರಡುವುದನ್ನು ಕೇಳುತ್ತ ಕೇಳುತ್ತ ಲಿಗೋರಿಗೆ ಸುಮ್ಮನಿರುವುದು ಅಭ್ಯಾಸವಾಯಿತು. ಒಂದು ದಿನ ಅದು ಇಷ್ಟವೂ ಆಯಿತು.

ಕೇಳುವ ಜನಕ್ಕೆ ಮಾತ್ರ ಇಷ್ಟವಾಗಲಿಲ್ಲ. ಮಸ್ಕತ್ತಿನ ಹೋಟೆಲೊಂದರಲ್ಲಿ ಐರಿಷ್ ಬ್ಯಾಂಡು ಎಂದು ಬೋರ್ಡು ಹಾಕಿ ಕರೆಸಿದರು. ಕುಣಿಯಲು ಬಂದ ಜನ ಮೊದಲ ರಚನೆ ಮುಗಿಯುವ ಮುಂಚೆ ಊಟದ ಕಡೆ ಹೊರಳಿದರು. ಮ್ಯಾನೇಜರು ವೇದಿಕೆಯ ಹತ್ತಿರ ಬಂದು, "ಸರ್, ಏನಾದರೂ ಗೊತ್ತಿರುವಂಥದ್ದು ಬಾರಿಸಿ," ಎಂದು ಕೈ ಮುಗಿಯುವಂತೆ ಕೇಳಿಕೊಂಡ. ಸಂತ ಪ್ಯಾಟ್ರಿಕ್ ಹಬ್ಬಕ್ಕೆ ಐರಿಷ್ ಸಂಘದವರೇ ಕರೆದರು. ಅವರಿಗೂ ಪಿಟೀಲಿನ ಕುಣಿತದ ಮಟ್ಟುಗಳೇ ಬೇಕು. ಫಿಂಟನ್ ಸಿಟ್ಟಾಗಿ ಬೇಸ್ ಗಿಟಾರನ್ನು ಚೀಲಕ್ಕೆ ತುರುಕಿದ. ಡೋನಲ್ ಮಾತ್ರ ಹಿಂದೆ ಉಳಿದು, ಬೇಸರಿಸಿಕೊಂಡ ಮುದುಕರಿಗಾಗಿ ಎರಡು ಹಳೆಯ ಮಟ್ಟು ನುಡಿಸಿದ. ಲಿಗೋರಿ ಮದುವೆ ಮನೆಯ ಕೈಯಲ್ಲೇ ಜೊತೆ ಕೊಟ್ಟ. ಅವತ್ತು ಎಲ್ಲರೂ ಕುಣಿದರು. ಫಿಂಟನ್ ಹೊರಗೆ ಕಾರಿನಲ್ಲೇ ಕೂತಿದ್ದ.

ಆದರೂ ಗುರುವಾರ ತಪ್ಪಲಿಲ್ಲ. ಹೀಗೆ ಮೂರು ವರ್ಷ ಕಳೆಯಿತು. 2005ರ ಚಳಿಗಾಲದಲ್ಲಿ ಗೋದಾಮಿನಲ್ಲೇ ಕಂಪ್ಯೂಟರ್ ಇಟ್ಟು ಎರಡನೆಯ ರೆಕಾರ್ಡು ಮಾಡಿದರು. ಸೂರಿನ ದೋಣಿ ಕಟ್ಟುವ ಅಂಗಳಕ್ಕೂ ಹೋಗಿ, ಹಲಗೆಗೆ ಮೊಳೆ ಹೊಡೆಯುವ ಸದ್ದನ್ನು ಹಿಡಿದು ತಂದು ಒಂದು ರಚನೆಯ ಕೆಳಗೆ ಹಾಸಿದರು. ಲಿಗೋರಿ ಮನೆಯಲ್ಲಿ ಮೊದಲ ಸಲ ಸಿಡಿ ಹಾಕಿದಾಗ ಶೆರ್ಲಿನ್ ಹೋಂವರ್ಕಿನಿಂದ ತಲೆ ಎತ್ತಿ, "ಡ್ಯಾಡಿ, ಇಟ್ಸ್ ಸೋ ಸ್ಲೋ," ಎಂದಳು. ಕ್ಯಾರೋಲಿನ್ ಮಾತ್ರ ಬಟ್ಟೆ ಮಡಚುವುದನ್ನು ನಿಲ್ಲಿಸಿ ಕೇಳಿದಳು. ಮುಗಿದ ಮೇಲೆ, "ಇದು ನೀವೇನಾ?" ಎಂದಳು. ಅವನು ತಲೆಯಾಡಿಸಿದ. ಅವಳು ಮತ್ತೆ ಬಟ್ಟೆ ಮಡಚಿದಳು.

ಆ ರೆಕಾರ್ಡು ಹೇಗೋ ಐರ್ಲೆಂಡಿನಲ್ಲಿ ಕೈಯಿಂದ ಕೈಗೆ ದಾಟಿತು. ಒಂದು ಸಣ್ಣ ಪತ್ರಿಕೆ ಮೆಚ್ಚಿ ಬರೆಯಿತು. ರೇಡಿಯೋದವನೊಬ್ಬ ಪೂರ್ತಿ ಹನ್ನೆರಡು ನಿಮಿಷ ನಡುವೆ ಬಾಯಿ ಹಾಕದೆ ಕೇಳಿಸಿದ. ಮರೆತೇಹೋಗಿದ್ದ ಬ್ಯಾಂಡು ಮರಳುಗಾಡಿನಿಂದ ಎದ್ದು ಬಂದಿದೆ ಎಂದು ಕೆಲವರಿಗೆ ಖುಷಿ. 2006ರ ಅಕ್ಟೋಬರಿನಲ್ಲಿ ಆರು ಊರುಗಳಲ್ಲಿ ಬಾರಿಸಲು ಕರೆ ಬಂತು. ಲಿಗೋರಿ ವರ್ಷದ ರಜೆಯನ್ನು ಅದಕ್ಕೇ ಇಟ್ಟ. ಆ ವರ್ಷ ಕಿನ್ನಿಗೋಳಿಗೆ ಕ್ಯಾರೋಲಿನ್ ಮತ್ತು ಮಗಳು ಇಬ್ಬರೇ ಹೋದರು.

ಐರ್ಲೆಂಡು ಅವನ ನೆನಪಿನಲ್ಲಿ ಉಳಿದಿರುವುದು ಒದ್ದೆ ಜಾಕೆಟ್ಟಿನ ವಾಸನೆಯಾಗಿ. ಬಾಡಿಗೆ ವ್ಯಾನಿನಲ್ಲಿ ಸಾಮಾನಿನ ಜೊತೆ ಮಡಚಿ ಕೂತು ಹೋಗುವುದು, ಊರು ಸೇರಿ ಸಾಮಾನು ಹೊರುವುದು, ಕಟ್ಟುವುದು, ಬಾರಿಸುವುದು, ಮತ್ತೆ ಬಿಚ್ಚುವುದು. ನಲವತ್ತಮೂರರ ಅವನ ಸೊಂಟ ಮೂರನೇ ಊರಿನಲ್ಲೇ ಕೈಕೊಟ್ಟಿತು. ಆದರೆ ಗಾಲ್ವೇಯ ಮಹಡಿಯ ಕೋಣೆಯಲ್ಲಿ ನೂರು ಜನ ನಿಂತಿದ್ದರು. ಅವನು ಕೈ ಕಟ್ಟಿ ಕೂತ ಐದು ನಿಮಿಷವೂ ಅವರಲ್ಲಿ ಒಬ್ಬರೂ ಕೆಮ್ಮಲಿಲ್ಲ. ಕಾಯುವುದಕ್ಕೂ ಕೇಳುಗರಿದ್ದಾರೆ ಎಂದು ಅವನಿಗೆ ಅಂದು ಗೊತ್ತಾಯಿತು.

ಅದೇ ಕೋಣೆಯಲ್ಲಿ ಇನ್ನೊಂದೂ ಗೊತ್ತಾಯಿತು. ದೊಡ್ಡ ರಚನೆಯ ನಡುವೆ ಎಲ್ಲ ಸದ್ದೂ ನಿಂತು, ಲಿಗೋರಿ ಡ್ರಮ್ಮಿನ ಅಂಚಿಗೆ ನಾಲ್ಕು ಸಲ ಮೆಲ್ಲಗೆ ತಟ್ಟಬೇಕು, ನಾಲ್ಕನೆಯದಕ್ಕೆ ಡೋನಲ್ ಗಿಟಾರು ಎತ್ತಬೇಕು. ಲಿಗೋರಿ ತಟ್ಟಿದ. ಡೋನಲ್ ಕದಲಲಿಲ್ಲ. ಕಣ್ಣು ಮುಚ್ಚಿ, ತಲೆ ಬಗ್ಗಿಸಿ ನಿಂತೇ ಇದ್ದ. ಲಿಗೋರಿ ಮತ್ತೆ ತಟ್ಟಿದ. ಮೂರನೆಯ ಸಲ ತಟ್ಟುವಾಗ ಡೋನಲ್ ಕಣ್ಣು ತೆರೆದು, ಬೆಚ್ಚಿದಂತೆ ಅವನ ಕೋಲಿನ ತುದಿ ನೋಡಿ, ತಡಬಡಿಸಿ ಸೇರಿಕೊಂಡ. ಜನಕ್ಕೆ ಏನೂ ತಿಳಿಯಲಿಲ್ಲ. ಲಿಗೋರಿಗೆ ತಿಳಿಯಿತು. ಎಷ್ಟು ದಿನದಿಂದಲೋ ಡೋನಲ್ ಬಾರಿಸುತ್ತಿರುವುದು ಕೇಳಿ ಅಲ್ಲ, ನೋಡಿ.

ಮರುದಿನದ ಊರಿನಲ್ಲಿ ಲಿಗೋರಿ, ಬೆಳಕು ಕಣ್ಣಿಗೆ ಹೊಡೆಯುತ್ತದೆ ಎಂಬ ನೆಪ ಹೇಳಿ, ಡ್ರಮ್ಮುಗಳನ್ನು ಡೋನಲ್‌ನ ಎಡದಿಂದ ಬಲಕ್ಕೆ ಎಳೆದು, ಅವನ ಕಣ್ಣಿಗೆ ನೇರ ಬೀಳುವಂತೆ ಹೂಡಿದ. ಫಿಂಟನ್ ಏಕೆ ಎಂದು ಕೇಳಲಿಲ್ಲ. ಅವನೂ ಒಂದು ಕೈ ಕೊಟ್ಟು ಎಳೆದ.

ಒಮಾನಿಗೆ ವಾಪಸಾದ ಮೇಲೆ ಒಂದು ಗುರುವಾರ, ಫಿಂಟನ್ ಬರುವ ಮುಂಚೆ, ಗೋದಾಮಿನಲ್ಲಿ ಲಿಗೋರಿ ಡೋನಲ್‌ನ ಎಡಪಕ್ಕ ನಿಂತು ಸಹಜ ದನಿಯಲ್ಲಿ ಅವನ ಹೆಸರು ಕರೆದ. ಡೋನಲ್ ಗಿಟಾರಿನ ತಂತಿ ಬಿಗಿಯುತ್ತಲೇ ಇದ್ದ. ಲಿಗೋರಿ ಬಲಕ್ಕೆ ಬಂದು ಕರೆದ. ಡೋನಲ್ ತಿರುಗಿ, ಅವನ ಮುಖ ನೋಡಿ, ಎಲ್ಲ ಅರ್ಥವಾದವನಂತೆ ಹಾಸಿಗೆಯ ಮೇಲೆ ಕುಳಿತ.

"ಎಡಗಿವಿ ಹೋಗಿ ಎರಡು ವರ್ಷ," ಎಂದ. "ಬಲಗಿವಿಯಲ್ಲಿ ದಿನವಿಡೀ ಒಂದು ಜೀರುಂಡೆ ಕೂಗುತ್ತದೆ. ಅದರ ಆಚೆಗೆ ನೀವೆಲ್ಲ."

"ಪ್ಲಾಂಟಿನ ಸದ್ದಿಗೆ ಹೀಗಾಯಿತಾ?"

"ಅಲ್ಲ. ಪ್ಲಾಂಟಿನಲ್ಲಿ ಕಿವಿ ಮುಚ್ಚಿಕೊಂಡೇ ಇರುತ್ತೇನೆ, ಇಲ್ಲದಿದ್ದರೆ ಒಳಗೇ ಬಿಡುವುದಿಲ್ಲ. ಹಾಳು ಮಾಡಿದ್ದು ಇದು." ಅವನು ಕಾಲಿನಿಂದ ತನ್ನ ಆ್ಯಂಪ್ಲಿಫೈಯರನ್ನು ತಳ್ಳಿದ. "ಇಪ್ಪತ್ತು ವರ್ಷದ ಹುಡುಗನಿಗೆ ಕಿವಿಯೊಳಗೆ ಹತ್ತಿ ಇಟ್ಟುಕೋ ಎಂದರೆ ಕೇಳುತ್ತಾನಾ?"

"ಫಿಂಟನ್‌ಗೆ ಹೇಳಿ."

"ಬೇಡ. ಅವನಿಗೆ ಇದೊಂದೇ ಇರುವುದು, ಲಿಗೋರಿ. ನಿಮಗೆ ಮನೆ ಇದೆ, ಮಗಳಿದ್ದಾಳೆ. ಅವನಿಗೆ ಈ ಬ್ಯಾಂಡು ಬಿಟ್ಟರೆ ಪರೀಕ್ಷೆಯ ಪೇಪರುಗಳು. ಕೇಳಿಸುವಷ್ಟು ದಿನ ನಡೆಯಲಿ."

ಲಿಗೋರಿ ಮಾತು ಕೊಟ್ಟ. ಅಂದಿನಿಂದ ಗುರುವಾರಗಳು ಅವನಿಗೆ ಸ್ಟೋರಿನ ದಿನಗಳಿಗಿಂತ ಭಾರವಾದವು. ತನ್ನ ಕೈ ನೋಡಿಕೊಳ್ಳಬೇಕು, ಡೋನಲ್‌ನ ಕಣ್ಣು ನೋಡಿಕೊಳ್ಳಬೇಕು, ಫಿಂಟನ್‌ಗೆ ಸುಳಿವು ಸಿಗದಂತೆ ನೋಡಿಕೊಳ್ಳಬೇಕು. ಡೋನಲ್ ತಪ್ಪಿದಾಗ, "ಸಾರಿ, ನನ್ನದೇ ತಪ್ಪು," ಎಂದು ತಾನು ನಿಲ್ಲಿಸುತ್ತಿದ್ದ. ಮನೆಗೆ ಬಂದರೆ ಭುಜಗಳು ಕಲ್ಲಾಗಿರುತ್ತಿದ್ದವು.

ಅದೇ ಹೊತ್ತಿಗೆ ಜರ್ಮನಿಯ ಒಂದು ಪುಟ್ಟ ರೆಕಾರ್ಡ್ ಸಂಸ್ಥೆಯವರು ಫಿಂಟನ್‌ಗೆ ಬರೆದರು. ಮೂರನೆಯ ರೆಕಾರ್ಡು ತಾವು ಹೊರತರುತ್ತೇವೆ, 2007ರ ಶರತ್ಕಾಲದಲ್ಲಿ ಆರು ವಾರ ಯುರೋಪ್ ಸುತ್ತಬೇಕು ಎಂದು. ಹದಿಮೂರು ವರ್ಷದಲ್ಲಿ ಬ್ಯಾಂಡಿಗೆ ಬಂದ ಅತಿ ದೊಡ್ಡ ಕರೆ. ಫಿಂಟನ್ ಅದನ್ನು ಓದಿ ಹೇಳಿದಾಗ ಮೂವರೂ ಚಪ್ಪಾಳೆ ತಟ್ಟಿದರು. ತಟ್ಟಿ ಆದ ಮೇಲೆ ಯಾರಿಗೂ ಮುಂದೆ ಏನು ಮಾಡಬೇಕೆಂದು ತೋಚಲಿಲ್ಲ.

ಕ್ಯಾರೋಲಿನ್‌ಗೆ ಹೇಳಿದಾಗ ಅವಳು ಕ್ಲಿನಿಕ್ಕಿನ ಎರಡನೇ ಪಾಳಿಗೆ ಹೊರಡುತ್ತ ತಲೆ ಬಾಚಿಕೊಳ್ಳುತ್ತಿದ್ದಳು. "ನಾನು ಹೋಗಿ ಅಂತಲೂ ಹೇಳುವುದಿಲ್ಲ, ಬೇಡ ಅಂತಲೂ ಹೇಳುವುದಿಲ್ಲ," ಎಂದಳು. "ಆದರೆ ಒಂದು ಕೇಳ್ತೇನೆ. ಮೊದಲೆಲ್ಲ ಗುರುವಾರ ಬಂದರೆ ನೀವು ಸಿಳ್ಳೆ ಹಾಕಿಕೊಂಡು ಮೆಟ್ಟಿಲು ಇಳೀತಿದ್ರಿ. ಈಗ ಯಾರದೋ ಸಾವಿನ ಬೊಜ್ಜಕ್ಕೆ ಹೊರಟ ಹಾಗೆ ಹೋಗ್ತೀರಿ. ಅದು ಯಾಕೆ?"

ಅವನು ಅವಳ ಚೀಲ ಎತ್ತಿ ಕೊಟ್ಟ. ಅವಳು ಕಾಯಲಿಲ್ಲ, ಬಸ್ಸಿನ ಹೊತ್ತಾಗಿತ್ತು.

ಆರು ವಾರ ಸಂಬಳವಿಲ್ಲದ ರಜೆ ಬೇಕೆಂದರೆ ಕಫೀಲ್‌ನನ್ನೇ ಕೇಳಬೇಕು. ವೀಸಾ ಕೊಟ್ಟ ಕಂಪನಿಯ ಯಜಮಾನ, ರುಸ್ತಾಕ್ ಕಡೆಯ ಹಿರಿಯ, ತೀರಾ ಕಟ್ಟುನಿಟ್ಟಿನವರೆಂದು ಹೆಸರು. ಲಿಗೋರಿ ಅವರ ಕೋಣೆಯ ಹೊರಗೆ ಕೂತು, ಇಲ್ಲ ಎನ್ನಲಿ ದೇವರೇ, ಇಲ್ಲ ಎನ್ನಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದ. ಅವರು ಇಲ್ಲ ಎಂದರೆ ಎಲ್ಲ ಮುಗಿಯಿತು, ಯಾರ ಮೇಲೂ ಹೊರೆಯಿಲ್ಲ. ಯಜಮಾನರು ಎಲ್ಲ ಕೇಳಿ, ಖಾವಾ ಕಾಫಿ ತರಿಸಿ ಕೊಟ್ಟು, "ಸಂಗೀತಕ್ಕಾ? ಇಷ್ಟು ವರ್ಷದಲ್ಲಿ ನೀನು ಏನನ್ನೂ ಕೇಳಿದವನಲ್ಲ. ಹೋಗಿ ಬಾ. ಖಲಾಸ್," ಎಂದುಬಿಟ್ಟರು. ಅವನು ಶುಕ್ರನ್ ಎಂದು ಕೃತಜ್ಞತೆ ಹೇಳಿ ಹೊರಗೆ ಬಂದು ಮೆಟ್ಟಿಲ ಮೇಲೆ ತಲೆ ತಗ್ಗಿಸಿ ಕುಳಿತ. ಪಕ್ಕದ ಮೇಜಿನ ಹೊನ್ನಪ್ಪ, ಮಂಡ್ಯ ಕಡೆಯ ಅಕೌಂಟೆಂಟ್, ನೀರು ತಂದುಕೊಟ್ಟು, "ಕೊಡ್ಲಿಲ್ವೇನ್ರೀ? ಹೋಗ್ಲಿ ಬಿಡಿ, ಬೇಜಾರ್ ಮಾಡ್ಕೋಬೇಡಿ," ಎಂದು ಸಮಾಧಾನ ಮಾಡಿದ.

ಜೂನ್ ತಿಂಗಳಲ್ಲಿ ಗೋನು ಚಂಡಮಾರುತ ಬಂತು. ಅಂಥ ಮಳೆಯನ್ನು ಒಮಾನಿನಲ್ಲಿ ಹುಟ್ಟಿ ಮುದುಕರಾದವರೂ ಕಂಡಿರಲಿಲ್ಲ. ರಸ್ತೆಗಳು ಹೊಳೆಯಾದವು, ಕಾರುಗಳು ತೇಲಿದವು. ಕರೆಂಟಿಲ್ಲ, ನೀರಿಲ್ಲ, ಫೋನಿಲ್ಲ. ಮಳೆ ನಿಂತ ಮೇಲೆ ಲಿಗೋರಿ ಕೆಸರಿನಲ್ಲಿ ಕಾಲೆಳೆಯುತ್ತ ಹಿಂದಿನ ಬೀದಿಗೆ ಹೋದ. ಗೋದಾಮಿನ ಬಾಗಿಲು ತೆರೆದಿತ್ತು. ಒಳಗೆ ಮೊಣಕಾಲುದ್ದ ನೀರು. ಕೆಳಗಿನ ಸಾಲುಗಳ ಹಾಸಿಗೆಗಳೆಲ್ಲ ನೀರು ಕುಡಿದು ಸತ್ತ ಎಮ್ಮೆಗಳ ಹಾಗೆ ಉಬ್ಬಿದ್ದವು. ಬಾದುಶಾ ಪ್ಯಾಂಟು ಮಡಚಿಕೊಂಡು ನಡುವೆ ನಿಂತಿದ್ದರು. ಲಿಗೋರಿ ಮಾತಿಲ್ಲದೆ ಮೂಲೆಯತ್ತ ನೋಡಿದ. ಡ್ರಮ್ಮುಗಳ ಜಾಗ ಖಾಲಿ.

"ಮೇಲೆ ನೋಡಿ," ಎಂದರು ಬಾದುಶಾ.

ಛಾವಣಿಯ ಕೆಳಗಿನ ಅಟ್ಟದಲ್ಲಿ ಡ್ರಮ್ಮು, ಆ್ಯಂಪ್ಲಿಫೈಯರು, ತಂತಿಗಳ ಪೆಟ್ಟಿಗೆ, ಎಲ್ಲವೂ ಹೊಸ ಹಾಸಿಗೆಯ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಣಗಿ ಕೂತಿದ್ದವು.

"ಹಾಸಿಗೆ ಮೊದಲು ಎತ್ತಬೇಕಿತ್ತಲ್ಲ ಸಾಹೇಬ್ರೇ!"

"ಹಾಸಿಗೆ ಕಂಪನಿಯಿಂದ ಇನ್ನೂ ಬರ್ತದೆ. ನಿಮ್ಮದು ಎಲ್ಲಿಂದ ಬರುವುದು?" ಎಂದ ಬಾದುಶಾ ಒದ್ದೆ ಹಾಸಿಗೆಯೊಂದರ ಕಿವಿ ಹಿಡಿದು ಎಳೆದರು. "ಯಲ್ಲಾ, ಒಂದು ಕೈ ಹಾಕಿ ಈಗ."

ಲಿಗೋರಿ ಎರಡು ದಿನ ಅವರೊಂದಿಗೆ ಹಾಸಿಗೆ ಹೊತ್ತ. ಅವನ ಕಣ್ಣು ತುಂಬಿ ಬರುತ್ತಿದ್ದುದನ್ನು ಬಾದುಶಾ ಕೃತಜ್ಞತೆ ಎಂದುಕೊಂಡರು. ಕೃತಜ್ಞತೆಯೂ ಇತ್ತು. ಅದರ ಕೆಳಗೆ, ಎಲ್ಲ ಕೊಚ್ಚಿಕೊಂಡು ಹೋಗಿದ್ದರೆ ಎಷ್ಟು ಹಗುರವಾಗುತ್ತಿತ್ತು ಎಂಬ ಯೋಚನೆಯೂ ಇತ್ತು. ಅದನ್ನು ಆ ಒಳ್ಳೆಯ ಮನುಷ್ಯನಿಗೆ ಹೇಗೆ ಹೇಳುವುದು?

ಫೋನುಗಳು ಸರಿಯಾದವು. ತಾನು ಕ್ಷೇಮ ಎಂದು ಡೋನಲ್ ಒಂದು ಸಾಲಿನ ಮೆಸೇಜು ಕಳಿಸಿದ. ಸೂರಿನ ದಾರಿ ಹಲವು ಕಡೆ ಕಿತ್ತುಹೋಗಿದ್ದರಿಂದ ಗುರುವಾರದ ಪ್ರಶ್ನೆಯೇ ಇರಲಿಲ್ಲ. ಆಮೇಲೆ ದಾರಿ ಸರಿಯಾಯಿತು. ಆದರೂ ಈ ವಾರ ಸೇರೋಣವೇ ಎಂದು ಮೂವರಲ್ಲಿ ಒಬ್ಬರೂ ಕೇಳಲಿಲ್ಲ. ಲಿಗೋರಿ ಗುರುವಾರ ಮಧ್ಯಾಹ್ನ ಊಟ ಮಾಡಿ ಮಲಗಿದರೆ ಸಂಜೆಯವರೆಗೂ ಏಳುತ್ತಿರಲಿಲ್ಲ. ಬಾದುಶಾ ಮಾತ್ರ ಸಿಕ್ಕಿದಾಗಲೆಲ್ಲ, "ನೆಲ ಒಣಗಿದೆ, ನೀವು ಬರುವುದೊಂದೇ ಬಾಕಿ," ಎನ್ನುತ್ತಿದ್ದರು.

ಜುಲೈ ಕೊನೆಗೆ ಫಿಂಟನ್ ಅವನ ಮನೆಯ ಬಾಗಿಲಿಗೆ ಬಂದ. "ಸೂರಿಗೆ ಹೋಗೋಣ. ಡೋನಲ್ ಜೊತೆ ಮಾತಾಡಬೇಕು," ಎಂದ. ಇಬ್ರಾ ದಾರಿಯಲ್ಲಿ ಅಲ್ಲಲ್ಲಿ ಡಾಂಬರಿನ ಚೂರುಗಳು ಹಳ್ಳದಲ್ಲಿ ಬಿದ್ದಿದ್ದವು. ಫಿಂಟನ್ ಹವಾಮಾನದ ಬಗ್ಗೆ ಮಾತಾಡಿದ, ವಿದ್ಯಾರ್ಥಿಗಳ ಬಗ್ಗೆ ಮಾತಾಡಿದ. ಯುರೋಪಿನ ಹೆಸರೆತ್ತಲಿಲ್ಲ.

ಡೋನಲ್‌ನ ಮನೆ ದೋಣಿ ಅಂಗಳದ ಹಿಂದೆ, ಕಡಲಿಗೆ ಮುಖ ಮಾಡಿತ್ತು. ಮೂವರೂ ಜಗಲಿಯ ನೆರಳಿನಲ್ಲಿ ಕುಳಿತರು. ಡೋನಲ್ ಕುರ್ಚಿಗಳನ್ನು ಹೂಡುವಾಗ ಇಬ್ಬರನ್ನೂ ತನ್ನ ಬಲಕ್ಕೆ ಕೂರಿಸಿಕೊಂಡದ್ದನ್ನು ಲಿಗೋರಿ ಗಮನಿಸಿದ. ಸೆಕೆಗೆ ಚಹಾ ಕಪ್ಪು ಹಿಡಿದ ಕೈಯೂ ಬೆವರುತ್ತಿತ್ತು.

"ನಾನು ಯುರೋಪಿಗೆ ಬರಲಾರೆ," ಎಂದ ಫಿಂಟನ್, ಕಡಲು ನೋಡುತ್ತ. "ಯೂನಿವರ್ಸಿಟಿಯಲ್ಲಿ ನನ್ನನ್ನು ವಿಭಾಗದ ಜವಾಬ್ದಾರಿಗೆ ಹಾಕಿದ್ದಾರೆ. ರಜೆ ಸಿಗುವುದಿಲ್ಲ. ಜರ್ಮನಿಯವರಿಗೆ ನಾನೇ ಬರೆಯುತ್ತೇನೆ. ತಪ್ಪು ನನ್ನದು."

ಡೋನಲ್ ಬಹಳ ಹೊತ್ತು ಅವನ ತುಟಿಗಳನ್ನು ನೋಡಿದ. "ನಿನಗೆ ಯಾರೂ ಯಾವ ಜವಾಬ್ದಾರಿಯನ್ನೂ ಕೊಟ್ಟಿಲ್ಲ," ಎಂದ. "ಎಂಟು ವರ್ಷದ ಹುಡುಗನಾಗಿದ್ದಾಗಿನಿಂದ ನೀನು ಸುಳ್ಳು ಹೇಳುವಾಗ ಆಚೆಗೆ ನೋಡುತ್ತೀಯ." ಆಮೇಲೆ ಲಿಗೋರಿಯ ಕಡೆ ತಿರುಗಿದ. "ನೀವು ಹೇಳಿದಿರಾ?"

"ನಾನು ಹೇಳಿಲ್ಲ," ಎಂದ ಲಿಗೋರಿ.

"ಅವನೇನು ಹೇಳಬೇಕು?" ಫಿಂಟನ್ ಕಡಲು ಬಿಟ್ಟು ಅವನತ್ತ ತಿರುಗಿದ. "ಗಾಲ್ವೇಯಲ್ಲಿ ನೀನು ಎರಡು ಸಲ ಗುರುತು ತಪ್ಪಿದಾಗ ನಾನೂ ಅದೇ ವೇದಿಕೆಯ ಮೇಲೆ ಇದ್ದೆ ಡೋನಲ್. ಹೊಸ ರಚನೆಗಳಲ್ಲಿ ಬೇಸ್ ಮೊದಲು ಬರುವ ಹಾಗೆ ನಾನು ಯಾಕೆ ಕಟ್ಟಿದೆ ಅಂದುಕೊಂಡಿದ್ದೀಯ? ಅದರ ನಡುಕ ನಿನ್ನ ಕಾಲಿಗಾದರೂ ಗೊತ್ತಾಗಲಿ ಅಂತ."

ಲಿಗೋರಿಗೆ ಒಮ್ಮೆಲೇ ನಗು ಬಂತು. ತಡೆಯಲು ನೋಡಿದ, ಆಗಲಿಲ್ಲ. "ನಾನು ಕಫೀಲ್ ಹತ್ತಿರ ರಜೆ ಕೇಳಲು ಹೋಗಿದ್ದೆ," ಎಂದ. "ಕೊಡಬಾರದು ಎಂದು ಬೇಡಿಕೊಳ್ಳುತ್ತ ಹೋಗಿದ್ದೆ. ಅವರು ಕೊಟ್ಟುಬಿಟ್ಟರು."

ಮೊದಲು ಡೋನಲ್ ನಕ್ಕ. ಆಮೇಲೆ ಫಿಂಟನ್, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತ. ನಗು ನಿಂತ ಮೇಲೆ ಮೂವರೂ ಕುರ್ಚಿಗೆ ಒರಗಿ, ದೂರದ ಹೊಲದಿಂದ ಹೊರೆ ಹೊತ್ತು ಬಂದು ಇಳಿಸಿದವರ ಹಾಗೆ ಉಸಿರು ಬಿಟ್ಟರು.

"ನನಗೂ ಸಾಕಾಗಿತ್ತು," ಎಂದ ಫಿಂಟನ್ ಮೆಲ್ಲಗೆ. ಡೋನಲ್‌ಗೆ ಕೇಳಿಸಲಿಲ್ಲ. ಏನು ಎಂಬಂತೆ ತಲೆ ಬಗ್ಗಿಸಿದ. ಫಿಂಟನ್ ಬಗ್ಗಿ ಅವನ ಬಲಗಿವಿಗೆ ಮತ್ತೊಮ್ಮೆ ಹೇಳಿದ. "ನನಗೂ ಸಾಕಾಗಿತ್ತು ಕಣೋ. ನೀನು ಬೇಜಾರು ಮಾಡಿಕೊಳ್ಳುತ್ತೀಯ ಎಂದು ಹೇಳಲಿಲ್ಲ."

"ನಾನು ನಿನಗೋಸ್ಕರ ಇಬ್ರಾ ದಾರಿ ಸವೆಸಿದೆ," ಎಂದ ಡೋನಲ್.

ಜರ್ಮನಿಯವರಿಗೆ ತಿರುಗಾಟ ಆಗದು, ರೆಕಾರ್ಡು ಮಾತ್ರ ಕೊಡುತ್ತೇವೆ ಎಂದು ಬರೆದರು. ಅವರು ಒಪ್ಪಿದರು. ಆ ಚಳಿಗಾಲ ಗೋದಾಮಿನಲ್ಲಿ, ಹೊಸ ಹಾಸಿಗೆಗಳ ನಡುವೆ, ಮೂರನೆಯದನ್ನು ಮುಗಿಸಿದರು. ಈಗ ಬಚ್ಚಿಡುವುದು ಏನೂ ಇರಲಿಲ್ಲ. ಡೋನಲ್ ಲಿಗೋರಿಗೆ ಎದುರಾಗಿ ಸ್ಟೂಲಿನ ಮೇಲೆ ಕುಳಿತು, ಅವನ ಕೈಯನ್ನೇ ನೋಡುತ್ತ ನುಡಿಸಿದ. ಆ್ಯಂಪ್ಲಿಫೈಯರನ್ನು ಮನೆಯ ರೇಡಿಯೋದಷ್ಟೇ ಸದ್ದಿಗೆ ಇಳಿಸಿದ್ದರು. ಗೋಡೆ ಬೀಳುವಂಥ ಭಾಗಗಳೇ ಇರಲಿಲ್ಲ. ಡೋನಲ್ ಗುರುತು ತಪ್ಪಿದಾಗ ಯಾರೂ ನಿಲ್ಲಿಸಲಿಲ್ಲ. ಅವನು ಸೇರಿಕೊಳ್ಳುವವರೆಗೆ ಉಳಿದಿಬ್ಬರು ಕಾದರು. ಹಾಗೆ ಕಾದ ಹೊತ್ತುಗಳೂ ರೆಕಾರ್ಡಿನಲ್ಲಿ ಉಳಿದವು. ಮರುವರ್ಷ ಅದು ಹೊರಬಂದಾಗ ಒಬ್ಬ ವಿಮರ್ಶಕ, ಈ ಮೌನಗಳನ್ನು ಎಷ್ಟು ಲೆಕ್ಕ ಹಾಕಿ ಕಟ್ಟಿದ್ದಾರೆ ಎಂದು ಬೆರಗುಪಟ್ಟು ಬರೆದ. ಫಿಂಟನ್ ಅದನ್ನು ಫೋನಿನಲ್ಲಿ ಓದಿ ಹೇಳಿ, "ಏನು ಉತ್ತರ ಕೊಡೋಣ?" ಎಂದ. ಲಿಗೋರಿ, "ಥ್ಯಾಂಕ್ಸ್ ಎಂದು ಬರೆಯಿರಿ," ಎಂದ.

ಅದಾದ ಮೇಲೆ ಕೋಲ್ಡ್ ಸ್ಲಿಪ್‌ವೇ ಎಲ್ಲೂ ಬಾರಿಸಲಿಲ್ಲ. ಮುಗಿಯಿತು ಎಂದು ಯಾರೂ ಹೇಳಲೂ ಇಲ್ಲ. 2009ರಲ್ಲಿ ಫಿಂಟನ್ ಕೊರಿಯಾದಲ್ಲಿ ಕೆಲಸ ಹಿಡಿದು ಹೋದ. ಡೋನಲ್ ಪ್ಲಾಂಟಿನ ವೈದ್ಯರಿಗೆ ತಾನೇ ಹೋಗಿ ಎಲ್ಲ ಹೇಳಿದ. ಅವನನ್ನು ಹೊರಗಿನ ಕೆಲಸದಿಂದ ತೆಗೆದು, ತರಬೇತಿ ವಿಭಾಗದಲ್ಲಿ ಮೇಜಿನ ಮುಂದೆ ಕೂರಿಸಿದರು. ಬಲಗಿವಿಗೆ ಕೇಳುವ ಯಂತ್ರ ಬಂತು. ಡ್ರಮ್ಮುಗಳನ್ನು ಲಿಗೋರಿ ಘಾಲಾದ ಚರ್ಚಿನ ಕೊಂಕಣಿ ಸಂಘಕ್ಕೆ ಕೊಟ್ಟ. ಬಾರಿಸಲೂ ಬನ್ನಿ ಎಂದು ಅವರು ಕರೆದರು. ಇನ್ನು ಸ್ವಲ್ಪ ದಿನ ಹೋಗಲಿ ಎಂದ.

ಆ ವರ್ಷದ ಕ್ರಿಸ್ಮಸ್ಸಿಗೆ ಡೋನಲ್ ಊಟಕ್ಕೆ ಬಂದ. ಕ್ಯಾರೋಲಿನ್ ಅಂಜಲ್ ಮೀನು ಹುರಿದು, ಇಡ್ಲಿಯಂಥ ಸನ್ನಾಸ್ ಮಾಡಿದ್ದಳು. ಹದಿನಾರರ ಶೆರ್ಲಿನ್ ಅವನ ಯಂತ್ರವನ್ನು ಹತ್ತಿರದಿಂದ ನೋಡಿ, ಇಂಗ್ಲಿಷಿನಲ್ಲಿ ಏನೇನೋ ಕೇಳಿದಳು. ಅವನು ಎಲ್ಲದಕ್ಕೂ ತಾಳ್ಮೆಯಿಂದ ಉತ್ತರಿಸಿದ.

"ಸಂಗೀತ ಬಿಟ್ಟದ್ದಕ್ಕೆ ಬೇಸರ ಆಗುವುದಿಲ್ಲವಾ?" ಎಂದು ಕ್ಯಾರೋಲಿನ್ ಕೇಳಿದಳು.

ಡೋನಲ್ ಮೀನಿನ ಮುಳ್ಳು ಬಿಡಿಸುತ್ತ ಯೋಚಿಸಿದ. "ಸಂಗೀತದ ನೆನಪು ಅಷ್ಟಾಗಿ ಬರುವುದಿಲ್ಲ," ಎಂದ. "ಗುರುವಾರ ಮಧ್ಯಾಹ್ನ ಮಾತ್ರ ಏನು ಮಾಡುವುದೆಂದು ಗೊತ್ತಾಗುವುದಿಲ್ಲ."

"ಇಲ್ಲಿಗೆ ಬನ್ನಿ," ಎಂದಳು ಅವಳು. "ಇವರೂ ಸುಮ್ಮನೆ ಮಲಗಿರ್ತಾರೆ."

ಲಿಗೋರಿ ಅವನ ತಟ್ಟೆಗೆ ಇನ್ನೊಂದು ತುಂಡು ಮೀನು ಹಾಕಿದ. ಡೋನಲ್ ಬೇಡ ಎಂದು ಕೈ ಅಡ್ಡ ಹಿಡಿದವನು, ಅದು ಬಿದ್ದ ಮೇಲೆ ತಿಂದ.